ಆಸರೆ ಅಡಗುತಾಣವಾದ ದಿನ: ಬಾಹ್ಯಾಕಾಶ ಠಾಣೆಯ ಕಿರಿಯ ಅಧಿಕಾರಿಯೊಬ್ಬನ ಪ್ರಕರಣ

ಈ ಪ್ರಕರಣದ ವ್ಯಕ್ತಿ ಕಾಲ್ಪನಿಕ. ಅಮೆರಿಕದ ‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’ ಧಾರಾವಾಹಿಯ ಏಳನೇ ಸೀಸನ್‌ನಲ್ಲಿ, 1998ರ ನವೆಂಬರ್ 18 ಮತ್ತು ಡಿಸೆಂಬರ್ 30ರಂದು ಪ್ರಸಾರವಾದ ಎರಡು ಕಂತುಗಳಲ್ಲಿ ಅವನ ಕಥೆ ಬರುತ್ತದೆ. ಆಸ್ಪತ್ರೆಯ ಪ್ರಕರಣ ವರದಿಗಳ ಪದ್ಧತಿಯಂತೆ ಅವನ ಹೆಸರನ್ನಾಗಲಿ ಸುತ್ತಲಿನವರ ಹೆಸರನ್ನಾಗಲಿ ಇಲ್ಲಿ ಬಳಸಿಲ್ಲ. ಹೆಸರು ಬಿಟ್ಟಾಗ ಅಭಿಮಾನ ಹಿಂದೆ ಸರಿಯುತ್ತದೆ; ಯಾರು ಯಾವಾಗ ಏನು ನಿರ್ಧರಿಸಿದರು, ಅದರಿಂದ ಏನಾಯಿತು ಎಂಬುದಷ್ಟೇ ಎದುರಿಗೆ ನಿಲ್ಲುತ್ತದೆ. ಆಪ್ತಸಮಾಲೋಚನೆ ಕಲಿಯುತ್ತಿರುವವರಿಗೂ ಧಾರಾವಾಹಿಗೆ ಚಿತ್ರಕಥೆ ಬರೆಯುವವರಿಗೂ ಈ ಪ್ರಕರಣದಲ್ಲಿ ಕಲಿಯಲು ಬೇಕಾದಷ್ಟಿದೆ. ಅದರಲ್ಲಿ ಸರಿಯಾಗಿ ನಡೆದದ್ದೂ ಇದೆ, ತಪ್ಪಿದ್ದೂ ಇದೆ.

ಹಿನ್ನೆಲೆ

ಕಿರಿಯ ಅಧಿಕಾರಿ ವ್ಯಾಪಾರಕ್ಕೆ ಹೆಸರಾದ ಜನಾಂಗದವನು. ಆ ಜನಾಂಗದಿಂದ ಬಾಹ್ಯಾಕಾಶ ಪಡೆಗೆ ಸೇರಿದ ಮೊದಲಿಗ. ಹಾಗಾಗಿ ತಾನು ಯಾರಿಗೂ ಕಡಿಮೆಯಿಲ್ಲ ಎಂದು ತೋರಿಸಬೇಕಾದ ಹೊರೆ ಮೊದಲಿನಿಂದಲೂ ಅವನ ಮೇಲಿತ್ತು. ಯುದ್ಧ ಶುರುವಾದಾಗ ಅವನಲ್ಲಿದ್ದದ್ದು ಭಯಕ್ಕಿಂತ ಉತ್ಸಾಹ. ಬೇಡವೆಂದು ತಡೆಯಲು ನೋಡಿದವರು ಅವನ ದೊಡ್ಡಪ್ಪ ಒಬ್ಬರೇ.

ಅವನು ಹೋದದ್ದು ಒಂದು ಬರಡು ಗ್ರಹದ ಸಂಪರ್ಕ ಕೇಂದ್ರವನ್ನು ಕಾಯುವ ತುಕಡಿಗೆ. 90 ದಿನಕ್ಕೆ ಬದಲಾಗಬೇಕಿದ್ದ ಆ ತುಕಡಿ ಐದು ತಿಂಗಳಿಂದ ಅಲ್ಲೇ ಸಿಕ್ಕಿಬಿದ್ದಿತ್ತು. ಇಳಿದ 150 ಜನರಲ್ಲಿ ಉಳಿದವರು 43. ಕಿವಿ ಚುರುಕೆಂಬ ಕಾರಣಕ್ಕೆ ಅವನನ್ನು ಶತ್ರುವಿನ ನೆಲೆ ಪತ್ತೆಹಚ್ಚಲು ಮುಂದೆ ಕಳಿಸಿದರು. ಗುಂಡೇಟು ಬಿತ್ತು, ಕಾಲು ಹೋಯಿತು. ಕೊನೆಯ ದಾಳಿಗೆ ಕಾಯುತ್ತಿದ್ದ ರಾತ್ರಿ ವೈದ್ಯರು ಸೈನಿಕರ ಧೈರ್ಯಕ್ಕೆಂದು ಒಂದು ಹಳೆಯ ಹಾಡು ಹಾಕಿದ್ದರು. ನಮ್ಮ ಲೋಕದಲ್ಲಿ ಅದು 1938ರಲ್ಲಿ ಹುಟ್ಟಿದ ಹಾಡು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಗಲಿಕೆಯ ಹಾಡಾಗಿ ಮನೆಮಾತಾಯಿತು. ಈ ಹಾಡನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಇದರ ಸುತ್ತಲೇ ಕಾಯಿಲೆ ಸುತ್ತಿಕೊಳ್ಳುತ್ತದೆ.

ಕಂಡ ಲಕ್ಷಣಗಳು

ಜೈವಿಕ ವಸ್ತುವಿನಿಂದ ತಯಾರಿಸಿದ ಹೊಸ ಕಾಲಿನೊಂದಿಗೆ ಅವನು ಠಾಣೆಗೆ ಮರಳಿದ. ಮನೆಯವರೂ ಸಹೋದ್ಯೋಗಿಗಳೂ ಸ್ವಾಗತಕ್ಕೆ ಕಾದಿದ್ದರು. ಅವನು ದಣಿವಿನ ನೆಪ ಹೇಳಿ ಕೋಣೆ ಸೇರಿಕೊಂಡ. ಕಾಲು ಪೂರ್ತಿ ಸರಿಯಿದೆ ಎನ್ನುವುದು ವೈದ್ಯರ ವರದಿ. ಅವನು ಮಾತ್ರ ಊರುಗೋಲು ಹಿಡಿದು ಕುಂಟುತ್ತಾನೆ, ನೋವಿದೆ ಎನ್ನುತ್ತಾನೆ. ಹೊತ್ತುಗೊತ್ತಿಲ್ಲದೆ ಮಲಗಿರುತ್ತಾನೆ. ಸಮಾಲೋಚನೆಗೆ ಬರುವುದಿಲ್ಲ, ಮಾತಾಡಿ ಮಾತಾಡಿ ಸಾಕಾಗಿದೆ ಎನ್ನುತ್ತಾನೆ. ಎದ್ದಿರುವಷ್ಟು ಹೊತ್ತೂ ಅದೇ ಹಾಡು. ಕೋಣೆ ಹಂಚಿಕೊಂಡಿದ್ದ ಗೆಳೆಯನಿಗೆ ಅದು ತಡೆಯಲಾಗದ ಹಿಂಸೆಯಾಯಿತು.

ಭೀಕರ ಘಟನೆಯ ಆಘಾತ ಆಮೇಲೂ ಬಿಡದೆ ಕಾಡುವ ಮಾನಸಿಕ ಕಾಯಿಲೆಗೆ ಪಿಟಿಎಸ್‌ಡಿ ಎನ್ನುತ್ತಾರೆ. ಈ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ. ಅದರ 2013ರ ಆವೃತ್ತಿ ಲಕ್ಷಣಗಳನ್ನು ನಾಲ್ಕು ಗುಂಪು ಮಾಡುತ್ತದೆ. ನುಗ್ಗಿಬರುವ ನೆನಪು, ಕನಸುಗಳಲ್ಲಿ ಕನಿಷ್ಠ ಒಂದು. ನೆನಪು ತರುವ ಸಂಗತಿಗಳಿಂದ ತಪ್ಪಿಸಿಕೊಳ್ಳುವುದರಲ್ಲಿ ಒಂದು. ಯೋಚನೆ ಮತ್ತು ಮನಸ್ಥಿತಿ ಕುಗ್ಗುವುದರಲ್ಲಿ ಎರಡು. ಸಿಟ್ಟು, ಬೆಚ್ಚಿಬೀಳುವುದು, ನಿದ್ದೆಗೇಡು ಮೊದಲಾದ ಅತಿಜಾಗೃತಿಯ ಲಕ್ಷಣಗಳಲ್ಲಿ ಎರಡು ಇರಬೇಕು. ಇವು ಒಂದು ತಿಂಗಳು ಮೀರಿ ಉಳಿದು, ಬದುಕಿಗೆ ತೊಡಕಾಗಬೇಕು. ಅದಕ್ಕೂ ಮೊದಲಾದರೆ ಅದು ತೀವ್ರ ಒತ್ತಡದ ಪ್ರತಿಕ್ರಿಯೆ, ಪಿಟಿಎಸ್‌ಡಿ ಅಲ್ಲ. ಎಷ್ಟೋ ಚಿತ್ರಕಥೆಗಳು ಈ ಗಡಿಯನ್ನು ಮರೆತು, ಅಪಘಾತದ ಮಾರನೆಯ ಬೆಳಿಗ್ಗೆಯೇ ಪಾತ್ರಕ್ಕೆ ಕಾಯಿಲೆಯ ಪಟ್ಟಿ ಕಟ್ಟಿಬಿಡುತ್ತವೆ.

ಕಿರಿಯ ಅಧಿಕಾರಿಯಲ್ಲಿ ತಪ್ಪಿಸಿಕೊಳ್ಳುವಿಕೆ ಢಾಳಾಗಿದೆ. ಜನರಿಂದ ದೂರವಾಗುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಸ್ಪಷ್ಟ. ಸಿಟ್ಟಿನ ಸ್ಫೋಟ ಮುಂದೆ ಬರುತ್ತದೆ. ಆದರೆ ಅತಿನಿದ್ದೆ ಪಿಟಿಎಸ್‌ಡಿಯ ಪಟ್ಟಿಯಲ್ಲಿಲ್ಲ. ಅಲ್ಲಿರುವುದು ನಿದ್ದೆ ಬಾರದಿರುವುದು. ದಿನವಿಡೀ ಮಲಗಿರುವವನಲ್ಲಿ ಖಿನ್ನತೆಯನ್ನು ಹುಡುಕಲೇಬೇಕು, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಲೇಬೇಕು. ತೆರೆಯ ಮೇಲೆ ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಇದು ಈ ಪ್ರಕರಣದ ಮೊದಲ ದೊಡ್ಡ ಲೋಪ.

ನೋವಿನ ವಿಷಯದಲ್ಲೂ ಎಚ್ಚರ ಬೇಕಿತ್ತು. ಕಾಲು ಸರಿಯಿದೆ, ನೋವು ಮನಸ್ಸಿನದು ಎಂದು ಎಲ್ಲರೂ ಮಾತಾಡಿಕೊಳ್ಳುತ್ತಾರೆ. ಕಾಲು ಕಳೆದುಕೊಂಡವರಲ್ಲಿ ಇಲ್ಲದ ಕಾಲೇ ನೋಯುವುದು ತೀರಾ ಸಾಮಾನ್ಯ. ಪಿಟಿಎಸ್‌ಡಿ ಮತ್ತು ದೀರ್ಘಕಾಲದ ನೋವು ಕೈಹಿಡಿದುಕೊಂಡು ಬರುವುದೂ ಹೊಸತಲ್ಲ. ಪರೀಕ್ಷೆಯಲ್ಲಿ ಕಾರಣ ಸಿಗದ ನೋವೂ ನೋವೇ. ‘ಎಲ್ಲ ನಿನ್ನ ತಲೆಯಲ್ಲಿದೆ’ ಎಂಬ ಧ್ವನಿ ಕಿವಿಗೆ ಬಿದ್ದ ರೋಗಿ ಮುಂದಿನ ಭೇಟಿಗೆ ಬರುವುದಿಲ್ಲ. ಇವನೂ ಬರಲಿಲ್ಲ.

ಮೊದಲ ತೀರ್ಮಾನ: ಅನುಮತಿ

ಠಾಣೆಯಲ್ಲಿ ಬೇಕಾದ ಲೋಕವನ್ನು ಕಂಪ್ಯೂಟರ್ ಕಟ್ಟಿಕೊಡುವ ಕೋಣೆಗಳಿವೆ. ಅಲ್ಲಿನ ಒಂದು ಪ್ರೋಗ್ರಾಂ 1962ರ ಲಾಸ್ ವೇಗಸ್‌ನ ಸಂಗೀತದ ಕ್ಲಬ್ಬು. ಅದರ ಗಾಯಕ ತಾನು ಕಂಪ್ಯೂಟರ್ ಸೃಷ್ಟಿ ಎಂಬುದನ್ನು ಬಲ್ಲ ಪಾತ್ರ. ಯುದ್ಧದ ರಾತ್ರಿ ಕೇಳಿದ ಹಾಡು ಅವನದೇ ದನಿಯದು. ಕಿರಿಯ ಅಧಿಕಾರಿ ಒಂದು ದಿನ ಅಲ್ಲಿಗೆ ಹೋಗಿ ಆ ಹಾಡು ಹಾಡಿಸಿದ, ಮತ್ತೆ ಮತ್ತೆ ಹಾಡಿಸಿದ. ಆಮೇಲೆ, ಅಲ್ಲೇ ಇರುತ್ತೇನೆ ಎಂದ. ವೈದ್ಯಕೀಯ ರಜೆಯಲ್ಲಿರುವವನಿಗೆ ಚೇತರಿಕೆಯ ಜಾಗ ಆರಿಸಿಕೊಳ್ಳುವ ಹಕ್ಕಿದೆ ಎಂಬ ನಿಯಮ ಅವನ ಆಸರೆಗಿತ್ತು.

ಆಪ್ತಸಮಾಲೋಚಕಿ ತರಬೇತಿ ಮುಗಿಯುವ ಮೊದಲೇ ಹುದ್ದೆಗೆ ಬಂದವಳು. ಮನೆಯವರು ಗಾಬರಿಯಾದರೂ ಅವಳು ಒಪ್ಪಿದಳು. ಈ ಒಪ್ಪಿಗೆ ಸರಿಯೆಂದೇ ಹೇಳಬೇಕು. ಎಲ್ಲ ಬಾಗಿಲು ಮುಚ್ಚಿಕೊಂಡಿದ್ದವನು ತಾನಾಗಿ ಕಾಲಿಟ್ಟ ಮೊದಲ ಜಾಗ ಅದು. ಅಲ್ಲಿ ಬೆಳಕಿತ್ತು, ಜನರಿದ್ದರು, ಮಾತಿತ್ತು. ಕತ್ತಲ ಕೋಣೆಯಿಂದ ಅಲ್ಲಿಗೆ ಹೋಗುವುದು ಮುನ್ನಡೆಯೇ.

ತಪ್ಪಾದದ್ದು ಒಪ್ಪಿಗೆಯಲ್ಲಲ್ಲ, ಅದಕ್ಕೆ ಗಡುವು ಹಾಕದೇ ಇದ್ದದ್ದರಲ್ಲಿ. ಎಷ್ಟು ದಿನ ಇರುವುದು? ವಾರಕ್ಕೆ ಎಷ್ಟು ಸಲ ಭೇಟಿ? ಹೊರಗಿನ ಯಾವ ಕೆಲಸ ಯಾವಾಗ ಶುರು? ಯಾವ ಬದಲಾವಣೆ ಕಂಡರೆ ಹೊರಡುವ ಮಾತೆತ್ತುವುದು? ಇದ್ಯಾವುದೂ ಮೊದಲ ದಿನ ತೀರ್ಮಾನವಾಗಲಿಲ್ಲ. ಇಂಥ ಕಡೆ ಒಂದು ಪುಟದ ಒಪ್ಪಂದ ಸಾಕು: ಎರಡು ವಾರದ ಗಡುವು, ಮೂರನೇ ದಿನದಿಂದ ದಿನಕ್ಕೊಮ್ಮೆ ಹೊರಗೆ ಕಾಲು ಗಂಟೆಯ ನಡಿಗೆ, ನಾಲ್ಕು ದಿನಕ್ಕೊಮ್ಮೆ ಪರಿಶೀಲನೆ. ಅಂಕಿಗಳು ರೋಗಿಯನ್ನು ನೋಡಿ ಬದಲಾಗಬಹುದು, ಆದರೆ ಅಂಕಿಗಳಿರಬೇಕು.

ಊರುಗೋಲು

ಈ ಪ್ರಕರಣದಲ್ಲಿ ಚಿಕಿತ್ಸೆಯ ದೃಷ್ಟಿಯಿಂದ ಎಲ್ಲಕ್ಕಿಂತ ಚೆನ್ನಾಗಿ ಬರೆದ ಭಾಗ ಇದು, ಮತ್ತು ಇದು ಒಂದೆರಡು ನಿಮಿಷದಲ್ಲಿ ಮುಗಿದುಹೋಗುತ್ತದೆ. ಗಾಯಕ ಅವನಿಗೆ ಒಂದು ಹೊಸ ಊರುಗೋಲು ಕೊಡುತ್ತಾನೆ. ಹಳೆಯ ಕಾಲದ ಒಬ್ಬ ಚಿತ್ರನಟ ಬಳಸುತ್ತಿದ್ದಂಥದ್ದು, ತೆಳ್ಳಗಿನದು, ನೋಡಲು ಸೊಗಸು. ತುಂಬ ಭಾರ ಬಿಟ್ಟರೆ ಮುರಿದೀತು ಎಂದು ಎಚ್ಚರಿಸುತ್ತಾನೆ. ಊರುಗೋಲು ಬಿಡು ಎಂದು ಹೇಳಲಿಲ್ಲ, ನೋವಿಲ್ಲ ಎಂದು ವಾದಿಸಲಿಲ್ಲ. ಆಸರೆಯನ್ನು ಕಿತ್ತುಕೊಳ್ಳುವ ಬದಲು ಅದನ್ನು ತೆಳ್ಳಗೆ ಮಾಡಿದ. ಭಾರ ತಾನಾಗಿ ಕಾಲಿನ ಮೇಲೆ ಬಿತ್ತು.

ಭಯ ಕಡಿಮೆ ಮಾಡಿಕೊಳ್ಳಲು ರೋಗಿ ಹಿಡಿದುಕೊಂಡಿರುವ ವಸ್ತು ಅಥವಾ ಅಭ್ಯಾಸವನ್ನು ಚಿಕಿತ್ಸಕರು ಸುರಕ್ಷತಾ ವರ್ತನೆ ಎನ್ನುತ್ತಾರೆ. ಗೋಡೆಗೆ ಬೆನ್ನು ಕೊಟ್ಟೇ ಕೂರುವುದು, ಜೊತೆಗೊಬ್ಬರಿಲ್ಲದೆ ಪೇಟೆಗೆ ಹೋಗದಿರುವುದು, ಪದೇ ಪದೇ ಚಿಲಕ ನೋಡುವುದು, ಎಲ್ಲ ಇದೇ ಜಾತಿ. ಒಂದೇಟಿಗೆ ಬಿಡಿಸಹೋದರೆ ರೋಗಿ ಚಿಕಿತ್ಸೆಯನ್ನೇ ಬಿಡುತ್ತಾನೆ; ಹಾಗೇ ಉಳಿಸಿದರೆ ‘ಇದಿದ್ದುದರಿಂದ ಬದುಕಿದೆ’ ಎಂದು ಮನಸ್ಸು ಕಲಿತುಬಿಡುತ್ತದೆ. ಎರಡರ ನಡುವಿನ ದಾರಿ ಈ ತೆಳ್ಳನೆಯ ಕೋಲು.

ಹಾಡು ಮತ್ತು ಧ್ವನಿಮುದ್ರಣ

ಅದೇ ಹಾಡನ್ನು ದಿನವಿಡೀ ಕೇಳುವುದು ಭಯವನ್ನು ಎದುರಿಸಿದಂತೆ ಅಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ, ಮತ್ತು ಏಕೆ ಅಲ್ಲ ಎಂಬುದು ಮುಖ್ಯ.

ನೆನಪನ್ನು ದೀರ್ಘವಾಗಿ ಎದುರಿಸುವ ಚಿಕಿತ್ಸೆ ಎಡ್ನಾ ಫೋವಾ ಮತ್ತು ಅವರ ಸಂಗಡಿಗರು ರೂಪಿಸಿದ್ದು. ಸಾಮಾನ್ಯವಾಗಿ 8ರಿಂದ 15 ಭೇಟಿ, ಒಂದೊಂದೂ 90 ನಿಮಿಷ. ರೋಗಿ ಕಣ್ಣು ಮುಚ್ಚಿ, ನಡೆದದ್ದನ್ನು ಈಗ ನಡೆಯುತ್ತಿರುವಂತೆ, ಮೊದಲಿನಿಂದ ಕೊನೆಯವರೆಗೆ ಬಾಯಿಬಿಟ್ಟು ಹೇಳುತ್ತಾನೆ. ಸಂಕಟ ಎಷ್ಟಿದೆ ಎಂದು ಸೊನ್ನೆಯಿಂದ ನೂರರ ಅಳತೆಯಲ್ಲಿ ಆಗಾಗ ಕೇಳುತ್ತಾರೆ. ಹೇಳಿದ್ದನ್ನು ಧ್ವನಿಮುದ್ರಿಸಿ ಕೊಡುತ್ತಾರೆ. ಮನೆಯಲ್ಲಿ ದಿನಾ ಕೇಳಬೇಕು. ಜೊತೆಗೆ, ದೂರವಿಟ್ಟ ಜಾಗ ಮತ್ತು ಕೆಲಸಗಳ ಪಟ್ಟಿ ಮಾಡಿ, ಸುಲಭದ್ದರಿಂದ ಶುರುಮಾಡಿ ಒಂದೊಂದಾಗಿ ಮಾಡಿಸುತ್ತಾರೆ.

ಇಲ್ಲಿಯೂ ಒಂದೇ ಧ್ವನಿಯನ್ನು ಮತ್ತೆ ಮತ್ತೆ ಕೇಳುವುದೇ ಇದೆ. ಆದರೆ ಆ ಧ್ವನಿ ರೋಗಿಯದೇ, ಮತ್ತು ಅದು ಗುಂಡು ಬಿದ್ದ ಕ್ಷಣವನ್ನು ದಾಟಿ ಆಚೆಗೆ ಹೋಗುತ್ತದೆ. ಕಿರಿಯ ಅಧಿಕಾರಿಯ ಹಾಡು ಗುಂಡೇಟು ಬಿದ್ದ ಮೇಲೆ, ಕೊನೆಯ ದಾಳಿಗೆ ಕಾಯುತ್ತಿದ್ದ ರಾತ್ರಿಗೆ ಸೇರಿದ್ದು. ಕೇಳಿದಷ್ಟು ಹೊತ್ತೂ ಅವನು ಅದೇ ಸಮಯಕ್ಕೆ ಅಂಟಿಕೊಂಡಿದ್ದಾನೆ ಎಂದು ಓದಿಕೊಳ್ಳಬಹುದು. ನೆನಪಿನ ಹೊಸ್ತಿಲ ಮೇಲೆ ಕೂತಿದ್ದಾನೆ, ಒಳಗೆ ಹೋಗುತ್ತಿಲ್ಲ.

ಲೆಕ್ಕದ ಪುಸ್ತಕ

ಕ್ಲಬ್ಬಿಗೆ ಗೆಳೆಯ ತನ್ನ ಜೊತೆಗಾತಿಯೊಡನೆ ಬಂದ. ಯುದ್ಧದ ಮಾತು ಬಂತು. ಕಿರಿಯ ಅಧಿಕಾರಿ ಗೆಳೆಯನಿಗೆ ಗುದ್ದಿಯೇಬಿಟ್ಟ. ಯುದ್ಧಕ್ಕೆ ಹೋಗಿಬಂದವರಲ್ಲಿ ಹಲವರಿಗೆ ಹೊಗಳಿಕೆಯೂ ಅನುಕಂಪವೂ ಒಂದೇ ಥರ ಚುಚ್ಚುತ್ತವೆ: ಎದುರಿಗಿರುವವರು ನೋಡುತ್ತಿರುವುದು ತನ್ನನ್ನಲ್ಲ, ತನ್ನ ಗಾಯವನ್ನು ಎಂಬ ಭಾವ. ಗಾಯಕ ಗದರಿದ, ಆದರೆ ಹೊರಗೆ ಹಾಕಲಿಲ್ಲ.

ಆಮೇಲೆ ತಿರುವು. ಕ್ಲಬ್ಬಿನ ಲೆಕ್ಕ ಅಸ್ತವ್ಯಸ್ತವಾಗಿದೆ, ತೆರಿಗೆ ಹೆಚ್ಚಾಗಿ ಕಟ್ಟಲಾಗಿದೆ ಎಂದು ಕಿರಿಯ ಅಧಿಕಾರಿ ಕಂಡುಹಿಡಿದ. ವ್ಯಾಪಾರಸ್ಥರ ಮನೆಯ ಹುಡುಗ; ಲೆಕ್ಕಕ್ಕೆ ಕೂತ. ಮುಖದಲ್ಲಿ ಕಳೆ ಬಂತು, ಊರುಗೋಲು ಹಿಂದೆ ಬಿತ್ತು, ಹೊಸ ಕ್ಯಾಸಿನೊ ಕಟ್ಟುವ ಯೋಜನೆ ಶುರುವಾಯಿತು.

ಖಿನ್ನತೆಯಲ್ಲಿರುವವರನ್ನು ಸಣ್ಣ ಸಣ್ಣ ಕೆಲಸಗಳಿಗೆ ಹಚ್ಚುವುದು ಸಾಬೀತಾದ ಚಿಕಿತ್ಸೆ. ಆ ಮಟ್ಟಿಗೆ ಈ ಲೆಕ್ಕದ ಪುಸ್ತಕ ಔಷಧವೇ. ಆದರೆ ಯೋಜನೆಗಳು ಬೆಳೆಯುತ್ತಿದ್ದ ದಿಕ್ಕನ್ನು ನೋಡಿ: ಒಂದೂ ಕ್ಲಬ್ಬಿನ ಬಾಗಿಲಾಚೆಗೆ ಹೋಗುತ್ತಿಲ್ಲ. ಇಲ್ಲದ ಊರಿನಲ್ಲಿ, ಇಲ್ಲದ ಗಿರಾಕಿಗಳಿಗಾಗಿ, ವರ್ಷಗಟ್ಟಲೆ ನಡೆಯಬೇಕಾದ ಕೆಲಸ. ಲಕ್ಷಣಗಳು ಇಳಿದಿವೆ, ತಪ್ಪಿಸಿಕೊಳ್ಳುವಿಕೆ ಬೇರು ಬಿಟ್ಟಿದೆ. ಹೊರಗಿನಿಂದ ನೋಡುವವರಿಗೆ ಇವೆರಡೂ ಒಂದೇ ಥರ ಕಾಣುತ್ತವೆ, ಏಕೆಂದರೆ ಎರಡರಲ್ಲೂ ರೋಗಿ ನಗುತ್ತಿರುತ್ತಾನೆ. ನಗುವನ್ನು ಅಳೆಯಬಾರದು; ಕಳೆದ ವಾರ ಹೋಗಲಾಗದಿದ್ದ ಯಾವ ಜಾಗಕ್ಕೆ ಈ ವಾರ ಹೋದ ಎಂಬುದನ್ನು ಅಳೆಯಬೇಕು.

ಇನ್ನೊಂದು ತೊಡಕಿದೆ. ಗಾಯಕನ ಪ್ರೋಗ್ರಾಂ ಮೊದಲು ಯಾರಾದರೂ ಬಂದಾಗ ಮಾತ್ರ ನಡೆಯುತ್ತಿತ್ತು. ಕಿರಿಯ ಅಧಿಕಾರಿ ಅಲ್ಲೇ ಉಳಿದುದರಿಂದ ಅದು ಹಗಲುರಾತ್ರಿ ನಡೆಯತೊಡಗಿತು. ಆ ಠಾಣೆಯ ದಿನಕ್ಕೆ 26 ಗಂಟೆ. ಗಾಯಕನಿಗೆ ಮೊದಲ ಬಾರಿಗೆ ಮಲಗಿ ಏಳುವ ಬದುಕು ಸಿಕ್ಕಿತು. ಅಂದರೆ ರೋಗಿ ಗುಣವಾಗಿ ಹೊರಟರೆ ಆರೈಕೆ ಮಾಡುವವನಿಗೇ ನಷ್ಟ. ಮನುಷ್ಯರಲ್ಲೂ ಇದು ನಡೆಯುತ್ತದೆ. ಆರೈಕೆಯಿಂದಲೇ ತನ್ನ ದಿನಕ್ಕೆ ಅರ್ಥ ಕಂಡುಕೊಂಡ ತಾಯಿ, ಹೆಂಡತಿ, ಗೆಳೆಯ, ಕೆಲವೊಮ್ಮೆ ಚಿಕಿತ್ಸಕ, ಬಿಡುವ ದಿನವನ್ನು ತಮಗರಿವಿಲ್ಲದೆ ಮುಂದೂಡುತ್ತಾರೆ. ಟಿವಿ ನಾಟಕದಲ್ಲಿ ಇಷ್ಟು ಸೂಕ್ಷ್ಮವಾದ ಗಮನಿಕೆ ಅಪರೂಪ.

ಬಾಗಿಲು ಮುಚ್ಚಿದ್ದು

ಸಮಾಲೋಚಕಿ ಬಂದು ಗಾಯಕನ ಕೆಲಸವನ್ನು ಮೆಚ್ಚಿದಳು, ಇನ್ನು ಅವನನ್ನು ಹೊರಗೆ ತರುವುದು ಹೇಗೆ ಎಂಬ ಮಾತೆತ್ತಿದಳು. ಗಾಯಕನಿಗೆ ಆಗ ಹೊಳೆಯಿತು, ತಾನೂ ಈ ಆಟದಲ್ಲಿ ಮೈಮರೆತಿದ್ದೇನೆಂದು. ಹೊರಡು ಎಂದು ಕಿರಿಯ ಅಧಿಕಾರಿಗೆ ಹೇಳಿದ. ಅವನು ಒಪ್ಪದಿದ್ದಾಗ ತನ್ನ ಪ್ರೋಗ್ರಾಂ ಅನ್ನು ತಾನೇ ನಿಲ್ಲಿಸಿಬಿಟ್ಟ. ಕ್ಲಬ್ಬು ಮಾಯವಾಗಿ ಬರೀ ಗೋಡೆ ಉಳಿಯಿತು. ಕಿರಿಯ ಅಧಿಕಾರಿ ಯಂತ್ರ ಬಿಚ್ಚಿ ಮತ್ತೆ ಶುರುಮಾಡಲು ಹೆಣಗಿದ, ಆಗಲಿಲ್ಲ.

ನಾಟಕಕ್ಕೆ ಇದು ಬೇಕು. 45 ನಿಮಿಷದ ಕಂತಿಗೆ ಒಂದು ಒಡೆತ ಬೇಕು. ನಿಜವಾದ ರೋಗಿಗೆ ಇದು ಅಪಾಯ. ಸಾಯುವ ಯೋಚನೆ ಬರುತ್ತಿದೆಯೇ ಎಂದು ಯಾರೂ ಒಮ್ಮೆಯೂ ವಿಚಾರಿಸದ, ಒಂದೇ ಆಸರೆಯ ಮೇಲೆ ನಿಂತ ಮನುಷ್ಯನಿಂದ ಆ ಆಸರೆಯನ್ನು ಮುನ್ಸೂಚನೆಯಿಲ್ಲದೆ ಕಿತ್ತುಕೊಂಡಿದ್ದಾರೆ. ಅದೂ ಆ ತೀರ್ಮಾನ ತೆಗೆದುಕೊಂಡವನು ಚಿಕಿತ್ಸಕನಲ್ಲ. ಊರುಗೋಲನ್ನು ತೆಳ್ಳಗೆ ಮಾಡುವ ವಿವೇಕವಿದ್ದವನಿಗೆ ಕ್ಲಬ್ಬನ್ನೂ ತೆಳ್ಳಗೆ ಮಾಡಬಹುದಿತ್ತು: ಇವತ್ತು 26 ಗಂಟೆ, ನಾಳಿದ್ದು 20, ಮುಂದಿನ ವಾರ ರಾತ್ರಿ ಮಾತ್ರ, ಹಗಲೆಲ್ಲ ಠಾಣೆಯಲ್ಲಿ.

ಅವನು ಹೇಳಿದ್ದು

ಕೊನೆಗೆ ಗಾಯಕ ಒಮ್ಮೆ ಕಾಣಿಸಿಕೊಂಡಾಗ ಕಿರಿಯ ಅಧಿಕಾರಿ ಬಾಯಿಬಿಟ್ಟ. ತನಗೆ ಏನೂ ಆಗುವುದಿಲ್ಲ ಎಂದುಕೊಂಡೇ ಯುದ್ಧಕ್ಕೆ ಹೋದದ್ದು. ಸುತ್ತಲೂ ಜನ ಸಾಯುವುದನ್ನು ಕಂಡ, ಆಗಲೂ ನಂಬಿಕೆ ಗಟ್ಟಿಯಿತ್ತು. ತನಗೇ ಗುಂಡು ಬಿದ್ದ ಮೇಲೆ ಅದು ಕುಸಿಯಿತು: ಗುಂಡು ಬೀಳುವುದಾದರೆ ಸಾಯಲೂಬಹುದು, ಏನು ಬೇಕಾದರೂ ಆಗಬಹುದು. ಕ್ಲಬ್ಬಿನೊಳಗಾದರೆ ನಾಳೆ ಏನಾಗುತ್ತದೆಂದು ಗೊತ್ತು. ಇಲ್ಲೇ ಉಳಿದರೆ ನೀನೂ ಸ್ವಲ್ಪ ಸ್ವಲ್ಪವಾಗಿ ಸಾಯುತ್ತೀಯ, ನನ್ನಷ್ಟೇ ಟೊಳ್ಳಾಗುತ್ತೀಯ ಎಂಬರ್ಥದಲ್ಲಿ ಗಾಯಕ ಉತ್ತರಿಸಿದ.

ಕಂತಿನ ನಿಜವಾದ ಬಲ ಇಲ್ಲಿದೆ. ತೆರೆಯ ಮೇಲಿನ ಪಿಟಿಎಸ್‌ಡಿ ಎಂದರೆ ಸಾಮಾನ್ಯವಾಗಿ ಸ್ಫೋಟದ ಸದ್ದು, ಬಣ್ಣ ಮಾಸಿದ ಫ್ಲ್ಯಾಶ್‌ಬ್ಯಾಕ್, ಬೆವರಿ ಎದ್ದು ಕೂರುವ ನಾಯಕ. ಇಲ್ಲಿ ಕೊನೆಗೆ ಹೊರಬಿದ್ದದ್ದು ಒಂದು ದೃಶ್ಯವಲ್ಲ, ಒಂದು ನಂಬಿಕೆ. ಪ್ಯಾಟ್ರಿಶಿಯಾ ರೆಸಿಕ್ ರೂಪಿಸಿದ, ಸುಮಾರು 12 ಭೇಟಿಗಳ ಚಿಕಿತ್ಸೆ ಹಿಡಿಯುವುದು ಇಂಥ ನಂಬಿಕೆಗಳನ್ನೇ. ‘ನನಗೆ ಏನೂ ಆಗದು’ ಎಂಬುದು ಮುರಿದು ‘ಯಾವ ಕ್ಷಣವಾದರೂ ಏನಾದರೂ ಆಗಿಯೇ ತೀರುತ್ತದೆ’ ಎಂಬ ಇನ್ನೊಂದು ತುದಿಗೆ ಮನಸ್ಸು ಸಿಕ್ಕಿಕೊಂಡಿರುತ್ತದೆ. ಎರಡೂ ಪೂರ್ತಿ ನಿಜವಲ್ಲ. ನಡುವಿನ ಮಾತನ್ನು ರೋಗಿಯೇ ಬರೆದು, ಪರೀಕ್ಷಿಸಿ, ತಿದ್ದಬೇಕು. ತೆರೆಯ ಮೇಲೆ ಹಾಗಾಗಲಿಲ್ಲ. ಗಾಯಕ ಒಂದು ಭಯಕ್ಕೆ ಇನ್ನೊಂದು ಭಯವನ್ನು ಎದುರು ನಿಲ್ಲಿಸಿದ.

ಅವನು ಯಂತ್ರಕ್ಕೆ ಬಾಯಿಬಿಟ್ಟದ್ದು ಅತಿಶಯವಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಕಂಪ್ಯೂಟರ್ ಪರದೆಯ ಮೇಲಿನ ಸಂದರ್ಶಕಿಯೊಬ್ಬಳನ್ನು ರೂಪಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎದುರಿಗಿರುವುದು ಬರೀ ಕಂಪ್ಯೂಟರ್ ಎಂದು ನಂಬಿದವರಿಗೆ ಮನಸ್ಸಿನ ಮಾತು ಹೇಳಲು ಅಳುಕು ಕಡಿಮೆಯಿತ್ತು. ತೀರ್ಪು ಕೊಡದ ಕಿವಿ ಸಿಕ್ಕರೆ ಜನ ಮಾತಾಡುತ್ತಾರೆ.

ಆದರೆ ಯಂತ್ರಲೋಕವನ್ನು ಚಿಕಿತ್ಸೆಗೆ ಬಳಸಿದ ರೀತಿ ಇದರ ತಿರುವುಮುರುವು. ಈ ಕಂತಿಗೆ ಒಂದು ವರ್ಷ ಮೊದಲೇ, 1997ರಲ್ಲಿ, ಅಟ್ಲಾಂಟಾದಲ್ಲಿ ಬಾರ್ಬರಾ ರಾತ್‌ಬಾಮ್ ಮತ್ತು ಸಂಗಡಿಗರು ವಿಯೆಟ್ನಾಂ ಯುದ್ಧದ ಮಾಜಿ ಸೈನಿಕರಿಗಾಗಿ ವರ್ಚುವಲ್ ಲೋಕ ಕಟ್ಟಿ ಪ್ರಯೋಗ ನಡೆಸಿದ್ದರು. ಅದರಲ್ಲಿದ್ದದ್ದು ಹೆಲಿಕಾಪ್ಟರ್, ಕಾಡಿನ ನಡುವಿನ ಬಯಲು. ಆ ಯಂತ್ರ ಸೈನಿಕನನ್ನು ನೆನಪಿನ ಕಡೆಗೆ ಕರೆದೊಯ್ಯುತ್ತದೆ, ಪಕ್ಕದಲ್ಲಿ ಚಿಕಿತ್ಸಕರಿರುತ್ತಾರೆ, ಎಷ್ಟು ಸದ್ದು, ಎಷ್ಟು ಹೊತ್ತು ಎಂಬುದು ಅವರ ಕೈಯಲ್ಲಿರುತ್ತದೆ. ಕ್ಲಬ್ಬು ನೆನಪಿನಿಂದ ದೂರ ಒಯ್ಯುತ್ತದೆ. ಇಂದು ಹೆಡ್‌ಸೆಟ್ ಕೊಳ್ಳುವ ಯಾವುದೇ ಚಿಕಿತ್ಸಾಲಯ ಮೊದಲು ಕೇಳಿಕೊಳ್ಳಬೇಕಾದದ್ದು ಈ ದಿಕ್ಕಿನ ಪ್ರಶ್ನೆ.

ಫಲಿತಾಂಶ, ಮತ್ತು ಬಿಟ್ಟುಹೋದದ್ದು

ಕಿರಿಯ ಅಧಿಕಾರಿ ಹೊರಗೆ ಬಂದ. ಚೆನ್ನಾಗಿದ್ದೀಯಾ ಎಂದು ಮನೆಯವರು ಕೇಳಿದಾಗ ಇಲ್ಲ, ಮುಂದೆ ಆಗುತ್ತೇನೆ ಎಂದ. ಸೀಮಿತ ಕರ್ತವ್ಯಕ್ಕೆ ಮರಳಿದ. ಗಾಯಕನ ಪ್ರೋಗ್ರಾಂ ಹಗಲುರಾತ್ರಿ ನಡೆಯುವ ಏರ್ಪಾಡು ಮಾಡಿಸಿದ. ಗುಣವಾದೆ ಎಂದು ಹೇಳದ ಆ ಒಂದು ಉತ್ತರಕ್ಕೆ ಚಿತ್ರಕಥೆಯನ್ನು ಮೆಚ್ಚಲೇಬೇಕು. ಬರೆದವರು ರೊನಾಲ್ಡ್ ಡಿ. ಮೂರ್. 1990ರ ಅಕ್ಟೋಬರ್‌ನಲ್ಲಿ, ಇದೇ ಸ್ಟಾರ್ ಟ್ರೆಕ್‌ನ ಹಿಂದಿನ ಧಾರಾವಾಹಿಯಲ್ಲಿ, ಶತ್ರುಗಳ ಕೈಗೊಂಬೆಯಾಗಿ ಬಳಕೆಯಾದ ಕ್ಯಾಪ್ಟನ್ ತನ್ನ ಊರಿನ ದ್ರಾಕ್ಷಿತೋಟದ ಕೆಸರಲ್ಲಿ ಅಣ್ಣನ ಎದುರು ಅಳುವ ಕಂತನ್ನು ಬರೆದವರೂ ಅವರೇ. ವಾರವಾರ ಎಲ್ಲವೂ ಮೊದಲಿನಂತಾಗಿಬಿಡುವ ಧಾರಾವಾಹಿಗಳ ಕಾಲದಲ್ಲಿ, ಯುದ್ಧ ಮುಗಿದ ಮೇಲಿನ ವಾರಕ್ಕೂ ಒಂದು ಕಥೆಯಿದೆ ಎಂದು ಎರಡು ಸಲ ತೋರಿಸಿದರು. 2000ದ ಡಿಸೆಂಬರ್ 20ರಂದು ‘ದಿ ವೆಸ್ಟ್ ವಿಂಗ್’ ಎಂಬ ಇನ್ನೊಂದು ಅಮೆರಿಕದ ಧಾರಾವಾಹಿ ಗುಂಡೇಟು ತಿಂದ ಅಧಿಕಾರಿಯೊಬ್ಬನಿಗೆ ಸಂಗೀತ ಸೈರನ್ನಾಗಿ ಕೇಳುವುದನ್ನು ತೋರಿಸಿತು. ಅದು ನುಗ್ಗಿಬರುವ ನೆನಪಿನ ಉತ್ತಮ ಚಿತ್ರಣ. ತಪ್ಪಿಸಿಕೊಳ್ಳುವಿಕೆಯ ಚಿತ್ರಣಕ್ಕೆ ಕಿರಿಯ ಅಧಿಕಾರಿಯ ಪ್ರಕರಣವೇ ಹೆಚ್ಚು ಉಪಯುಕ್ತ, ಏಕೆಂದರೆ ಕಾಯಿಲೆಯನ್ನು ಹಿಡಿದಿಟ್ಟುಕೊಳ್ಳುವುದು ಮುಖ್ಯವಾಗಿ ಅದೇ.

ಸೀಸನ್‌ನ ಉಳಿದ ಕಂತುಗಳಲ್ಲಿ ಮಾತ್ರ ಈ ಎಳೆ ಸಡಿಲವಾಯಿತು. 1999ರ ಜೂನ್‌ನ ಕೊನೆಯ ಕಂತಿನಲ್ಲಿ ಅವನಿಗೆ ಬಡ್ತಿಯೂ ಸಿಕ್ಕಿತು. ನಡುವೆ ಕಾಲಾಗಲಿ ಭಯವಾಗಲಿ ಮತ್ತೆ ಕಥೆಯ ವಿಷಯವಾಗಲಿಲ್ಲ. ಇದಕ್ಕೆ ಇನ್ನೊಂದು ಪೂರ್ಣ ಕಂತೇನೂ ಬೇಕಿರಲಿಲ್ಲ. ಯಾವುದೋ ಕಂತಿನ ಯಾವುದೋ ದೃಶ್ಯದಲ್ಲಿ, ಮುಂದಿನ ಹಡಗಿಗೆ ಹೆಸರು ಕರೆಯುವಾಗ ಅವನು ಒಂದು ಉಸಿರು ತಡವಾಗಿ ಉತ್ತರಿಸಿದ್ದರೆ ಸಾಕಿತ್ತು. ಅಥವಾ ಗುರುವಾರದ ಪಾಳಿಯನ್ನು ಬದಲಾಯಿಸಿಕೊಡಿ, ಸಮಾಲೋಚಕಿಯ ಭೇಟಿ ಇದೆ ಎಂದು ಸಹೋದ್ಯೋಗಿಗೆ ಹೇಳಿ, ಮತ್ತೆ ಕೆಲಸದ ಮಾತಿಗೆ ತಿರುಗಿದ್ದರೆ ಸಾಕಿತ್ತು.